ವೀಕ್ಷಣೆ, ತೀರ್ಮಾನ ಮತ್ತು ಒಂದು ಚಿತ್ರಕಥೆ

ಹಳ್ಳಿಯಲ್ಲಿ ಮೇಷ್ಟರಾದವನಿಗೆ ಊರಿನವರು ವಹಿಸುವ ಕೆಲಸಗಳಿಗೆ ಲೆಕ್ಕವಿಲ್ಲ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ತಹಸೀಲ್ದಾರರಿಗೆ ಅರ್ಜಿ ಬರೆದುಕೊಡುವುದು, ಬ್ಯಾಂಕಿನಿಂದ ಬಂದ ಇಂಗ್ಲಿಷ್ ಕಾಗದದಲ್ಲಿ ಏನಿದೆಯೆಂದು ಹೇಳುವುದು, ಲಗ್ನಪತ್ರಿಕೆಯ ಪ್ರೂಫ್ ನೋಡಿಕೊಡುವುದು, ಇವೆಲ್ಲ ವರ್ಷಪೂರ್ತಿ ಇದ್ದದ್ದೇ. ಆದರೆ ಕಳೆದ ಬೇಸಿಗೆಯಲ್ಲಿ ನಮ್ಮ ಗೋವಿಂದನಹಳ್ಳಿಯ ರೈತರೊಬ್ಬರು ವಹಿಸಿದ ಕೆಲಸ ಮಾತ್ರ ನನ್ನ ಸರ್ವಿಸಿನಲ್ಲೇ ಹೊಸದು.

“ಮೇಷ್ಟ್ರೇ, ನಮ್ ಐದ ಸಿನಿಮಾ ಬರೀತೀನಿ ಅಂತ ಕುಂತವ್ನೆ. ಕಾಲೇಜ್ಗೂ ನೆಟ್ಗೆ ಓಯ್ತಿಲ್ವಂತೆ. ನಮ್ ಮಾತು ಕೇಳಾಕಿಲ್ಲ. ನಿಮ್ಮಾತು ಅಂದ್ರೆ ಕೇಳ್ತಾನೆ. ಒಸಿ ಬುದ್ಧಿ ಏಳಿ.”

ನಮ್ಮೂರಿಗೆ ಹತ್ತಿರದ ಕಿಕ್ಕೇರಿ ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರು. ಹೀಗಾಗಿ ಈ ಭಾಗದಲ್ಲಿ ಹುಡುಗನೊಬ್ಬ ‘ಬರೆಯುತ್ತೇನೆ’ ಎಂದರೆ ಕವಿತೆ ಎಂದೇ ಲೆಕ್ಕ. ಅದನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ, ಮದುವೆಯಾದ ಮೇಲೆ ತಾನೇ ವಾಸಿಯಾಗುತ್ತದೆ. ಸಿನಿಮಾ ಹಾಗಲ್ಲ. ಅದು ಬೆಂಗಳೂರಿಗೆ ಕರೆದೊಯ್ಯುತ್ತದೆ, ದುಡ್ಡು ಕೇಳುತ್ತದೆ, ಜಮೀನನ್ನೂ ಕೇಳಬಹುದು. ತಂದೆಯ ಆತಂಕ ನನಗೆ ಅರ್ಥವಾಯಿತು. “ಕಳಿಸಿ, ಮಾತಾಡ್ತೀನಿ” ಎಂದೆ.

ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಮೈಸೂರಿನಲ್ಲಿ ಬಿಎಸ್ಸಿ ಎರಡನೆಯ ವರ್ಷ. ಭಾನುವಾರ ಮಧ್ಯಾಹ್ನ ಪಂಚಲಿಂಗೇಶ್ವರ ಗುಡಿಯ ಹತ್ತಿರ ಬಾ ಎಂದಿದ್ದೆ. ಹದಿಮೂರನೆಯ ಶತಮಾನದ ಈ ಹೊಯ್ಸಳ ಗುಡಿಯಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿವೆ, ಐದೂ ಪೂರ್ವಕ್ಕೆ ಮುಖ. ಹಾಗಾಗಿ ಮಧ್ಯಾಹ್ನ ಇಳಿದ ಮೇಲೆ ಮುಂಭಾಗದಲ್ಲಿ ಒಳ್ಳೆಯ ನೆರಳು. ಅವನು ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ಒಂದನ್ನು ಎದೆಗವಚಿಕೊಂಡು ಬಂದ. ನನ್ನ ಯೋಜನೆ ಸರಳವಾಗಿತ್ತು: ಮೊದಲ ಎರಡು ಪುಟ ಓದುವುದು, ಹತ್ತು ತಪ್ಪು ತೋರಿಸುವುದು, ‘ಇದು ನಿನ್ನ ಕೈಲಾಗುವ ಕೆಲಸವಲ್ಲಪ್ಪ’ ಎಂದು ಬೆನ್ನು ತಟ್ಟಿ ಕಳುಹಿಸುವುದು. ತಪ್ಪು ಹುಡುಕುವುದರಲ್ಲಿ ನನಗೆ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿದ ಅನುಭವವಿದೆ.

ಯೋಜನೆ ಕೆಟ್ಟದ್ದು ನನ್ನಿಂದಲೇ. ಸಿನಿಮಾ ಎಂದರೆ ನನಗೂ ಒಂದು ಹಳೆಯ ಸಾಲ ಬಾಕಿ ಇದೆ. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಫಿಲ್ಮಿನ ತುಂಡುಗಳನ್ನು ಮಾರುತ್ತಿದ್ದರು. ಸುಟ್ಟುಹೋದ ಬಲ್ಬಿನ ಹೊಟ್ಟೆಯೊಳಗಿನದನ್ನೆಲ್ಲ ಹುಷಾರಾಗಿ ಒಡೆದು ತೆಗೆದು, ನೀರು ತುಂಬಿ, ಕತ್ತಲೆ ಕೋಣೆಯಲ್ಲಿ ಅದರ ಹಿಂದೆ ಫಿಲ್ಮ್ ತುಂಡು ಹಿಡಿದು, ಹೊರಗಿನಿಂದ ಗೆಳೆಯನೊಬ್ಬ ಕನ್ನಡಿಯಲ್ಲಿ ಬಿಸಿಲು ಬಿಟ್ಟರೆ ಗೋಡೆಯ ಮೇಲೆ ರಾಜ್‌ಕುಮಾರ್ ತಲೆಕೆಳಗಾಗಿ ನಿಲ್ಲುತ್ತಿದ್ದರು. ಪೀನ ಮಸೂರ ತಲೆಕೆಳಗಾದ ಬಿಂಬ ಕೊಡುತ್ತದೆ ಎಂಬುದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಡಬ್ಬಿಯಲ್ಲಿ ಎಪ್ಪತ್ತು ತುಂಡುಗಳಿದ್ದವು, ಅವೆಲ್ಲ ಸೇರಿದರೆ ಒಂದಿಡೀ ಸಿನಿಮಾ ಆಗುತ್ತದೆ ಎಂದು ತಿಳಿದಿದ್ದೆ. ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ ಎಂದು ಮುಂದೆ ತಿಳಿದಾಗ ಲೆಕ್ಕ ಹಾಕಿದೆ. ನನ್ನ ಸಮಸ್ತ ಆಸ್ತಿ ಮೂರು ಸೆಕೆಂಡಿಗೂ ಸಾಲುತ್ತಿರಲಿಲ್ಲ! ಒಬ್ಬ ಮನುಷ್ಯ ಕೈಯೆತ್ತಿ ನಮಸ್ಕಾರ ಮಾಡಿ ಇಳಿಸುವುದರೊಳಗೆ ನನ್ನ ಡಬ್ಬಿ ಖಾಲಿ.

ನೋಟ್‌ಬುಕ್ಕಿನ ಮೊದಲ ಪುಟ ತೆರೆದೆ. “ದೃಶ್ಯ ಒಂದು. ಬಾಗಿಲು ತೆರೆಯಲ್ಪಡುತ್ತದೆ” ಎಂದಿತ್ತು.

“ಯಾರು ತೆಗೀತಾರೆ?” ಎಂದೆ.

“ಅಂದ್ರೆ... ಅಮ್ಮ, ಸಾರ್.”

“ಹಾಗಾದರೆ ‘ಅಮ್ಮ ಬಾಗಿಲು ತೆಗೆಯುತ್ತಾಳೆ’ ಅಂತ ಬರಿ. ನಾಳೆ ಇದನ್ನು ಓದೋ ಕ್ಯಾಮೆರಾದವನು, ಅಮ್ಮನ ಪಾತ್ರದಾಕೆ ಬೆಳಗ್ಗೆ ಬರಬೇಕೋ ಬೇಡವೋ ಅಂತ ಹೇಗೆ ತಿಳ್ಕೊಬೇಕು?”

ಈ ‘ಪಡು’ವಿನ ಪಾಪದಲ್ಲಿ ನಮ್ಮ ಪಾಲೂ ಇದೆ ಎನ್ನಿ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ‘ದ್ರಾವಣವನ್ನು ಕಾಯಿಸಲಾಯಿತು’, ‘ಅನಿಲವನ್ನು ಸಂಗ್ರಹಿಸಲಾಯಿತು’ ಎಂದು ಬರೆಸಿ ಬರೆಸಿ ಮಕ್ಕಳ ಕನ್ನಡದಿಂದ ಮನುಷ್ಯರನ್ನೇ ಓಡಿಸಿದ್ದೇವೆ. ಆದರೂ ಆ ದಾಖಲೆ ಪುಸ್ತಕದ ನೆನಪಾದದ್ದೇ ನನಗೊಂದು ದಾರಿ ತೋರಿತು. ವಿಜ್ಞಾನದ ಮೇಷ್ಟರಿಗೆ ಚಿತ್ರಕಥೆಯ ವಿಷಯ ಏನು ಗೊತ್ತು ಎಂದು ನೀವು ಕೇಳಬಹುದು. ಗೊತ್ತಿಲ್ಲ, ನಿಜ. ಆದರೆ ದಾಖಲೆ ಪುಸ್ತಕ ಗೊತ್ತು. ಉದ್ದೇಶ, ಬೇಕಾಗುವ ಸಾಮಗ್ರಿಗಳು, ವಿಧಾನ, ವೀಕ್ಷಣೆ, ತೀರ್ಮಾನ. ನೋಟ್‌ಬುಕ್ಕನ್ನು ಓದುತ್ತಾ ಹೋದಂತೆ ಹುಡುಗನ ತೊಂದರೆಯೆಲ್ಲ ನನಗೆ ಈ ಐದು ಶೀರ್ಷಿಕೆಗಳಲ್ಲೇ ಕಾಣತೊಡಗಿತು.

ವೀಕ್ಷಣೆಯ ಜಾಗದಲ್ಲಿ ತೀರ್ಮಾನ ಬರೆಯುವುದು ಎಂಟನೆಯ ತರಗತಿಯ ಮಕ್ಕಳು ಮಾಡುವ ತಪ್ಪು. ನೀಲಿ ಲಿಟ್ಮಸ್ ಕೆಂಪಾಯಿತು ಎಂಬುದು ವೀಕ್ಷಣೆ. ದ್ರಾವಣ ಆಮ್ಲ ಎಂಬುದು ತೀರ್ಮಾನ. ಮಕ್ಕಳು ಕಾಗದ ಅದ್ದುವ ಮೊದಲೇ ‘ಆಮ್ಲ’ ಎಂದು ಬರೆದುಬಿಡುತ್ತಾರೆ, ಯಾಕೆಂದರೆ ಪುಸ್ತಕದಲ್ಲಿ ಓದಿಕೊಂಡಿರುತ್ತಾರೆ. ಈ ಹುಡುಗನ ಪುಟಗಳಲ್ಲೂ ಅದೇ. ‘ಅವನ ಮನಸ್ಸಿನಲ್ಲಿ ಬಿರುಗಾಳಿ ಎದ್ದಿದೆ.’ ‘ಬಾಲ್ಯದ ನೆನಪುಗಳು ಮುತ್ತಿಕೊಳ್ಳುತ್ತವೆ.’ ‘ಬಡತನದ ಬೇಗೆಯಲ್ಲಿ ಬೆಂದ ಕುಟುಂಬ.’

“ಬಿರುಗಾಳೀನ ಕ್ಯಾಮೆರಾ ಹೇಗೆ ಹಿಡೀತದಪ್ಪ? ತೆಂಗಿನಗರಿ ಅಲ್ಲಾಡಿದರೆ ಹಿಡಿಯಬಹುದು. ಮನಸ್ಸಿನೊಳಗಿನದಕ್ಕೆ ಏನು ಮಾಡ್ತೀಯ?”

ಅವನಿಗೆ ಕೋಪ ಬಂತು. ಕಾದಂಬರಿಯಲ್ಲೆಲ್ಲ ಬರೆಯುತ್ತಾರಲ್ಲ ಎಂದ. ಬರೆಯುತ್ತಾರೆ. ಕಾದಂಬರಿ ಓದುವವನ ಹತ್ತಿರ ನೇರವಾಗಿ ಮಾತಾಡುತ್ತದೆ. ಚಿತ್ರಕಥೆಯಾದರೋ ಮೊದಲು ತಲುಪುವುದು ಕ್ಯಾಮೆರಾ ಹಿಡಿಯುವವನಿಗೆ, ಧ್ವನಿ ಹಿಡಿಯುವವನಿಗೆ, ನಟನಿಗೆ, ಸಾಮಾನು ಹೊಂದಿಸುವ ಹುಡುಗನಿಗೆ. ಅವರೆಲ್ಲ ಸೇರಿ ಮಾಡಿದ್ದು ಆಮೇಲೆ ನೋಡುವವನಿಗೆ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ಪ್ರಾಣೇಶಾಚಾರ್ಯರು ಪುಟಗಟ್ಟಲೆ ತಮ್ಮೊಳಗೇ ಯೋಚಿಸುತ್ತಾರೆ. ಗಿರೀಶ ಕಾರ್ನಾಡರು ಅದಕ್ಕೆ ಚಿತ್ರಕಥೆ ಬರೆದು, ಆಚಾರ್ಯರ ಪಾತ್ರವನ್ನೂ ತಾವೇ ಮಾಡಿದರು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದ ಆ ಚಿತ್ರ 1970ರಲ್ಲಿ ಬಂತು. ಒಳಗಿನ ಆ ಯೋಚನೆಯೆಲ್ಲ ಅಲ್ಲಿ ಮುಖದ ಮೇಲೆ, ನಡಿಗೆಯಲ್ಲಿ, ಒಬ್ಬನೇ ಹಾದಿ ಹಿಡಿದು ಹೋಗುವ ಮನುಷ್ಯನ ಬೆನ್ನಿನಲ್ಲಿ ಕಾಣಬೇಕಾಯಿತು. ಪುಸ್ತಕವನ್ನೂ ಓದಿ ಚಿತ್ರವನ್ನೂ ನೋಡಿದರೆ ಏನನ್ನು ಬಿಟ್ಟರು, ಏನನ್ನು ಕಣ್ಣಿಗೆ ತಂದರು ಎಂಬುದು ತಿಳಿಯುತ್ತದೆ. ಬರೆಯಲು ಹೊರಟವನಿಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಅವತ್ತೇ ಮುಗಿಸಬೇಕೆಂದಿದ್ದ ಮಾತು ಏಳು ಭಾನುವಾರ ನಡೆಯಿತು.

ಹುಡುಗ ಮೈಸೂರಿನಿಂದ ಒಂದು ಇಂಗ್ಲಿಷ್ ಪುಸ್ತಕದ ಜೆರಾಕ್ಸ್ ತಂದಿದ್ದ. ಚಿತ್ರಕಥೆಯನ್ನು ಹಾಳೆಯ ಮೇಲೆ ಹೇಗೆ ಜೋಡಿಸಬೇಕು ಎಂಬುದಕ್ಕೆ ಅದರಲ್ಲಿ ನಿಯಮಗಳ ಮೇಲೆ ನಿಯಮ. ಪ್ರತಿ ದೃಶ್ಯದ ತಲೆಯ ಮೇಲೆ ಒಂದು ಸಾಲು: ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ. ಅದರ ಕೆಳಗೆ ನಡೆಯುವುದು, ವರ್ತಮಾನ ಕಾಲದಲ್ಲಿ. ನಡುವೆ ಪಾತ್ರದ ಹೆಸರು, ಅದರ ಕೆಳಗೆ ಮಾತು. ಇಷ್ಟು ಸರಿ, ಇದರಲ್ಲಿ ಯಾವ ದೇಶದವರೂ ಜಗಳವಾಡುವಂಥದ್ದಿಲ್ಲ. ಆದರೆ ಪಾತ್ರದ ಹೆಸರನ್ನೂ ಮುಖ್ಯವಾದ ಸದ್ದುಗಳನ್ನೂ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು ಎಂದಿತ್ತು. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಲ್ಲಿಂದ ತರುವುದು? ಪಾಪ, ಅವನು ಅದಕ್ಕೆಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದೂ ಎಳೆದೂ ಪುಟಕ್ಕೆ ಪುಟವೇ ನಾನು ತಿದ್ದಿದ ಉತ್ತರಪತ್ರಿಕೆಯಂತೆ ಕಾಣುತ್ತಿತ್ತು. ಹೆಸರು ಒಂದು ಸಾಲಿನಲ್ಲಿ ಒಂಟಿಯಾಗಿ ನಿಂತರೆ ಸಾಕು, ಅದು ಹೆಸರೆಂದು ಯಾರಿಗಾದರೂ ತಿಳಿಯುತ್ತದೆ, ಗೆರೆ ಬಿಡು ಎಂದೆ. ನಮ್ಮಲ್ಲಿ ಹಾಳೆಯನ್ನು ಉದ್ದಕ್ಕೆ ಎರಡಾಗಿ ಮಾಡಿ, ಎಡಕ್ಕೆ ಕಾಣುವುದನ್ನೂ ಬಲಕ್ಕೆ ಕೇಳುವುದನ್ನೂ ಬರೆಯುವ ರೂಢಿಯೂ ಇದೆ. ನನಗೆ ಮೆಚ್ಚುಗೆಯಾದದ್ದು ಅದೇ. ಬಲಗಡೆ ತುಂಬಿ ತುಳುಕುತ್ತ ಎಡಗಡೆ ಬಿಳಿಯಾಗಿದ್ದರೆ, ಬರೆದದ್ದು ಸಿನಿಮಾ ಅಲ್ಲ, ರೇಡಿಯೋ ನಾಟಕ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಪುಟಕ್ಕೊಂದು ನಿಮಿಷ ಎಂಬ ನಿಯಮವೂ ಆ ಪುಸ್ತಕದಲ್ಲಿತ್ತು. ಇದರ ಹಿಂದಿನ ವಿಜ್ಞಾನ ಸ್ವಾರಸ್ಯವಾಗಿದೆ. ‘ಕೊರಿಯರ್’ ಎಂಬ ಟೈಪ್‌ರೈಟರ್ ಅಚ್ಚಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಇಂಗ್ಲಿಷಿನ ಸಣಕಲು ‘ಐ’ಗೂ ದಪ್ಪ ‘ಎಂ’ಗೂ ಸಮಾನ ಸ್ಥಳ. 12 ಪಾಯಿಂಟ್ ಗಾತ್ರದಲ್ಲಿ ಅಂಗುಲಕ್ಕೆ ಹತ್ತು ಅಕ್ಷರ. ಹೀಗಾಗಿ ಯಾರು ಬರೆದರೂ ಒಂದು ಪುಟದಲ್ಲಿ ಹಿಡಿಯುವ ಸಾಮಗ್ರಿ ಹೆಚ್ಚುಕಡಿಮೆ ಒಂದೇ, ತೆರೆಯ ಮೇಲೆ ಅದು ಸರಾಸರಿ ಒಂದು ನಿಮಿಷ. ಸರಾಸರಿ ಮಾತ್ರ, ಎಲ್ಲ ಪುಟವೂ ಅಲ್ಲ. ಈ ಲೆಕ್ಕ ಯಾಕೆ ಬೇಕು ಎಂದರೆ ದುಡ್ಡಿಗಾಗಿ. 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟು. ಸೆಕೆಂಡಿಗೆ 24 ಎಂದರೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ, ಅದೂ ಒಂದು ಸಲವೂ ತಪ್ಪಾಗದಿದ್ದರೆ! ರೀಲಿನ ಕಾಲದಲ್ಲಿ ಬೇಡದ ಒಂದು ಪುಟ ಬರೆದವನು ನಿರ್ಮಾಪಕನ ಜೇಬಿನಿಂದ ಕನಿಷ್ಠ 90 ಅಡಿ ಎಳೆದುಹಾಕಿದಂತೆ. ಈಗ ರೀಲು ಹೋಗಿ ಡಿಜಿಟಲ್ ಬಂದಿದೆ. ಆದರೂ ಬೇಡದ ಪುಟಕ್ಕೆ ಊಟ, ಜೀಪು, ದಿನಗೂಲಿ ತಪ್ಪಿದ್ದಲ್ಲ.

ಕನ್ನಡಕ್ಕೆ ಈ ಅಳತೆ ಹಾಗೇ ಒಗ್ಗುವುದಿಲ್ಲ. ನಮ್ಮ ‘ರ’ ಒಂದು ಅಗಲ, ‘ಮಾ’ ಇನ್ನೊಂದು ಅಗಲ, ಒತ್ತಕ್ಷರಗಳು ಸಾಲಿನ ಕೆಳಗೆ ಜೋತುಬೀಳುತ್ತವೆ. ಆದ್ದರಿಂದ ನಾನು ಶಾಲೆಯಿಂದ ಸ್ಟಾಪ್‌ವಾಚ್ ತಂದೆ. ಸರಳ ಲೋಲಕದ ಆಂದೋಲನ ಎಣಿಸಲು ಇಟ್ಟಿರುವ ಅದೇ ವಾಚು. “ಓದು, ಬರೀ ಓದಬೇಡ, ನಡೆಯೋದನ್ನ ನಡೆಸ್ಕೊಂಡು ಓದು” ಎಂದೆ. ಅವನು ಎದ್ದು, ನಡೆದು, ಕೂತು, ಇಲ್ಲದ ಬಾಗಿಲು ತೆಗೆದು ಓದಿದ. ಗುಡಿ ನೋಡಲು ಬಂದಿದ್ದ ಇಬ್ಬರು ನಮ್ಮನ್ನೇ ನೋಡುತ್ತಾ ನಿಂತರು. ಒಂದು ಪುಟ 48 ಸೆಕೆಂಡಿನಲ್ಲಿ ಮುಗಿಯಿತು. ಭಾಷಣದಂಥ ಮಾತು ತುಂಬಿದ್ದ ಇನ್ನೊಂದು ಪುಟಕ್ಕೆ ಎರಡು ನಿಮಿಷ 10 ಸೆಕೆಂಡು. ಅದನ್ನು ಓದಿ ಮುಗಿಸುವಾಗ ಅವನಿಗೇ ನಾಚಿಕೆಯಾಗಿ ಅರ್ಧ ಹೊಡೆದುಹಾಕಿದ. ನಾನು ಬಾಯಿ ಬಿಡಲಿಲ್ಲ. ವಾಚು ನನಗಿಂತ ಒಳ್ಳೆಯ ಮೇಷ್ಟರು.

‘ಬೇಕಾಗುವ ಸಾಮಗ್ರಿಗಳು’ ಎಂಬ ಶೀರ್ಷಿಕೆಯ ಕೆಳಗೂ ಒಂದು ಭಾನುವಾರ ಕಳೆಯಿತು. ಎತ್ತಿನ ಗಾಡಿಗಳ ಸಾಲು ಎಂದು ಬರೆದಿದ್ದ. ಈಗ ಊರಿನಲ್ಲಿ ಎಷ್ಟು ಗಾಡಿ ಇವೆಯೋ ಎಣಿಸಿಕೊಂಡು ಬಾ ಎಂದೆ. ಎಣಿಸಿ ಬಂದು ‘ಸಾಲು’ ತೆಗೆದು ‘ಒಂದು’ ಮಾಡಿದ. ಇನ್ನೊಂದು ಕಡೆ, ಹುಡುಗಿ ಇದೇ ಗುಡಿಯ ಶಿಲ್ಪಗಳನ್ನು ನೋಡುತ್ತ ನಿಲ್ಲುತ್ತಾಳೆ, ಸಂಜೆ, ಎಂದಿತ್ತು. ನಾವು ಕೂತಿದ್ದದ್ದೇ ಆ ಹೊತ್ತಿನಲ್ಲಿ, ಅದೇ ಮುಂಭಾಗದಲ್ಲಿ. “ತಿರುಗಿ ನೋಡು, ದ್ವಾರಪಾಲಕನ ಹಾರದ ಕುಸುರಿ ಕಾಣ್ತದಾ?” ಎಂದೆ. ಎಲ್ಲ ಒಂದೇ ಸಮ ಮಬ್ಬು. ಕೆತ್ತನೆ ಎದ್ದು ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು, ನೆರಳು ಮೂಡಬೇಕು. ಪೂರ್ವದ ಗುಡಿಗೆ ಅದು ಬೆಳಗ್ಗೆ ಮಾತ್ರ. ‘ಸಂಜೆ’ ಎಂಬ ಎರಡಕ್ಷರ ಕಿವಿಗೆ ಇಂಪಾಗಿದೆಯೆಂದು ಬರೆದುಬಿಟ್ಟರೆ ಸೂರ್ಯ ನಮ್ಮ ಮಾತು ಕೇಳುವುದಿಲ್ಲ.

ಇದೆಲ್ಲ ಸುಲಭದ ಭಾಗ. ಕಷ್ಟ ಬಂದದ್ದು ಭಾಷೆಯಲ್ಲಿ. ಅವನ ಪಾತ್ರಗಳೆಲ್ಲ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಿದ್ದವು. ದನ ಹೊಡೆಯುವ ಅಜ್ಜ ‘ಮಳೆ ಬರುವ ಸೂಚನೆ ಕಾಣುತ್ತಿದೆ’ ಎನ್ನುತ್ತಿದ್ದ. “ನಿಮ್ಮಜ್ಜ ಹೀಗೆ ಮಾತಾಡ್ತಾರೇನೋ?” ಎಂದರೆ, “ನೀವೇ ಅಲ್ವಾ ಸಾರ್, ಪರೀಕ್ಷೆಯಲ್ಲಿ ಹಳ್ಳಿ ಭಾಷೆ ಬರೆದರೆ ಅಂಕ ಕಳೀತಿದ್ದದ್ದು?” ಎಂದ.

ಸುಮ್ಮನಾದೆ. ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ನೆನಪಾಗಿತ್ತು. 1999ರಲ್ಲಿ, ನಾನಿನ್ನೂ ಹೊಸ ಮೇಷ್ಟರು, ಮಕ್ಕಳಿಂದ ಒಂದು ವಿಜ್ಞಾನ ನಾಟಕ ಆಡಿಸಿದ್ದೆ. ಕಾಯಿಸಿದ ನೀರು ಕುಡಿಯಬೇಕು ಎಂಬ ವಿಷಯ. ಅಜ್ಜಿಯ ಪಾತ್ರಕ್ಕೆ ಏಳನೆಯ ತರಗತಿಯ ಹುಡುಗಿ. ಅಭ್ಯಾಸದಲ್ಲಿ ಆಕೆ ಸೊಂಟಕ್ಕೆ ಕೈಯಿಟ್ಟು, “ಥೂ, ಕಾಯ್ಸಿದ್ ನೀರ ಯಾವಳ್ ಕುಡ್ದಾಳು ಬುಡು, ಸಪ್ಪೆ ಸಪ್ಪೆ” ಎಂದಾಗ ಅಲ್ಲಿದ್ದವರೆಲ್ಲ ನಕ್ಕಿದ್ದರು. ತೀರ್ಪುಗಾರರು ಏನೆಂದಾರೋ ಎಂದು ನಾನು ಅದನ್ನು ತಿದ್ದಿದೆ: ‘ಕುದಿಸಿ ಆರಿಸಿದ ನೀರಿಗೆ ರುಚಿಯೇ ಇರುವುದಿಲ್ಲವಲ್ಲ.’ ವೇದಿಕೆಯ ಮೇಲೆ ‘ಕುದಿಸಿ’ ಎಂಬಲ್ಲಿಗೆ ಆಕೆ ನಿಂತಳು. ಮುಂದಿನದು ಬರಲಿಲ್ಲ. ಪರದೆಯ ಪಕ್ಕದಲ್ಲಿದ್ದ ನನ್ನನ್ನು ನೋಡಿದಳು. ನಾನು ತಿದ್ದಿದ ಸಾಲನ್ನೇ ಪಿಸುಗುಟ್ಟಿದೆನೇ ಹೊರತು ‘ನಿನ್ನ ಮಾತೇ ಹೇಳು’ ಎನ್ನಲಿಲ್ಲ. ಆ ಶಾಲೆಯಲ್ಲಿ ಇದ್ದಷ್ಟು ದಿನ ಆಕೆ ಮತ್ತೆ ವೇದಿಕೆ ಹತ್ತಲಿಲ್ಲ.

ಹುಡುಗನಿಗೆ ಇದನ್ನು ಹೇಳಿದೆ. ಮುಂದಿನ ವಾರ ಇಬ್ಬರೂ ಅವನ ಮೊಬೈಲಿನಲ್ಲಿ ‘ತಿಥಿ’ ಚಿತ್ರವನ್ನು ಇನ್ನೊಮ್ಮೆ ನೋಡಿದೆವು. ನಮ್ಮದೇ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರು, ನಿರ್ದೇಶಕ ರಾಮ್ ರೆಡ್ಡಿಯವರೊಡನೆ ಸೇರಿ ಬರೆದ ಚಿತ್ರ. ನಟಿಸಿದವರು ವೃತ್ತಿನಟರಲ್ಲ, ಹಳ್ಳಿಯ ಜನ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಹೊಸ ಚಿತ್ರಕಾರರ ವಿಭಾಗದ ಗೋಲ್ಡನ್ ಲೆಪರ್ಡ್ ಬಂತು, ಆಮೇಲೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿಯೂ. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ, ಎದ್ದುಹೋಗುತ್ತಾನೆ, ಬೀಳುತ್ತಾನೆ. ಅಷ್ಟೇ, ಸತ್ತ. ತಂದೆ ಸತ್ತ ಮೇಲೂ ಮಗ ಗಡ್ಡಪ್ಪ ತನ್ನ ಪಾಡಿಗೆ ತಾನು ನಡೆಯುತ್ತಲೇ ಇರುತ್ತಾನೆ. ಮೊಮ್ಮಗನಿಗೆ ಜಮೀನಿನ ಚಿಂತೆ, ಮರಿಮಗನಿಗೆ ಹುಡುಗಿಯ ಚಿಂತೆ. ನನಗೆ ದುಃಖವಾಗಿದೆ ಎಂದು ಯಾರೂ ಭಾಷಣ ಮಾಡುವುದಿಲ್ಲ. ಮಾತು ನಮ್ಮ ಜಗಲಿಯದ್ದೇ ಮಾತು. ಇಷ್ಟಾಗಿ ಲೊಕಾರ್ನೊದವರಿಗೆ ಅದು ಅರ್ಥವಾಯಿತು.

ಹಾಗೆಂದು ಆಡುಮಾತನ್ನು ಬರೆಯುವುದಕ್ಕೂ ಒಂದು ಹದವಿದೆ. ಹುಡುಗ ಉತ್ಸಾಹದಲ್ಲಿ ಮರುವಾರ ಬರೆದು ತಂದದ್ದನ್ನು ನಾನೇ ಓದಲಾಗಲಿಲ್ಲ. ಪ್ರತಿ ‘ಹ’ಕಾರವನ್ನೂ ಹಾರಿಸಿ, ಪ್ರತಿ ಪದವನ್ನೂ ಮುರಿದು, ಸಾಲುಗಳು ಸೈಕಲ್ ಚೈನು ಕಳಚಿದಂತೆ ಕಾಣುತ್ತಿದ್ದವು. ಧಾರವಾಡದ ನಟನೊಬ್ಬನ ಕೈಗೆ ಹೋದರೆ ಅವನು ಓದುವುದು ಹೇಗೆ? ಮಾತಿನ ಓಟ ಮತ್ತು ನಮ್ಮ ಪದಗಳು ಇರಲಿ, ಉಚ್ಚಾರವನ್ನೆಲ್ಲ ಕಾಗುಣಿತದಲ್ಲಿ ತೋರಿಸಲು ಹೋಗಬೇಡ, ಅದು ನಟನ ಕೆಲಸ ಎಂದೆ. ‘ಕೋಪದಿಂದ’, ‘ದುಃಖದಿಂದ’ ಎಂದು ಪ್ರತಿ ಮಾತಿನ ಹಿಂದೆ ಕಂಸದಲ್ಲಿ ಬರೆದಿದ್ದನ್ನೂ ತೆಗೆಸಿದೆ. ‘ಎದ್ದು ಹೋಗಲಾ’ ಎಂಬುದನ್ನು ಸಂತೋಷದಿಂದ ಹೇಳುವವರು ಕಡಿಮೆ.

ಒಂದು ವಿಷಯ ಮಾತ್ರ ಯಾವ ಜೆರಾಕ್ಸ್ ಪುಸ್ತಕದಲ್ಲೂ ಇರಲಾರದು. ಚಿತ್ರಕಥೆಯಲ್ಲಿ ತಂದೆಯ ಪಾತ್ರ ಒಂದು ಕಡೆ ‘ಬರುತ್ತಾರೆ’, ಇನ್ನೊಂದು ಕಡೆ ‘ಬರುತ್ತಾನೆ’. ಒಂದು ಪಾತ್ರಕ್ಕೆ ಒಂದೇ ರೂಪ ಇಟ್ಟುಕೊಳ್ಳಬೇಕು, ಇಲ್ಲವಾದರೆ ಓದುವವನಿಗೆ ಇಬ್ಬರು ತಂದೆಯರಿದ್ದಾರೆ ಎನಿಸುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಹಾಕುತ್ತಾ ಹೋದಂತೆ ಅದರಲ್ಲೊಂದು ಕ್ರಮ ಕಂಡಿತು. ಜನರೆದುರು ನಡೆಯುವ ದೃಶ್ಯಗಳಲ್ಲಿ ‘ಬರುತ್ತಾರೆ’, ಮನೆಯೊಳಗಿನ ದೃಶ್ಯಗಳಲ್ಲಿ ‘ಬರುತ್ತಾನೆ’. ನಮ್ಮ ಕಡೆ ಹೆತ್ತ ಅಪ್ಪನನ್ನು ಏಕವಚನದಲ್ಲೇ ಕರೆಯುವುದು. ‘ನಮ್ಮಪ್ಪ ಬತ್ತಾನೆ’ ಎಂದರೆ ಅದರಲ್ಲಿ ಸದರವಿಲ್ಲ, ಹತ್ತಿರವಿದೆ. ಅದನ್ನು ‘ತಂದೆಯವರು ಬರುತ್ತಾರೆ’ ಎಂದು ತಿದ್ದಿ ಕಲಿಸಿದವರು ನಾವು. ಎಲ್ಲ ಕಡೆ ‘ಬರುತ್ತಾನೆ’ ಮಾಡು ಎಂದೆ. ಇಪ್ಪತ್ತೈದು ವರ್ಷದಲ್ಲಿ ನಾನು ಮೊದಲ ಬಾರಿ ಆ ದಿಕ್ಕಿಗೆ ತಿದ್ದಿದ್ದು.

ಕೊನೆಯ ಭಾನುವಾರ ಮೂವತ್ತೊಂದನೆಯ ದೃಶ್ಯಕ್ಕೆ ಬಂದೆವು. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಬರುತ್ತದೆ. ಅಪ್ಪ ಕಬ್ಬಿಗೆ ನೀರು ಕಟ್ಟಿ ಅಪರಾತ್ರಿಯಲ್ಲಿ ಮನೆಗೆ ಬರುವ ದೃಶ್ಯ. ‘ಅಪ್ಪನ ಎದೆಯಲ್ಲಿ ಸಾವಿರ ನೋವುಗಳು ಮಡುಗಟ್ಟಿವೆ. ರೈತನ ಬದುಕು ಎಂದೂ ಮುಗಿಯದ ಕತ್ತಲು’ ಎಂದು ಬರೆದಿದ್ದ. ನನಗೆ ಆ ಮನುಷ್ಯ ಗೊತ್ತು. ನನ್ನ ಹತ್ತಿರ ಬುದ್ಧಿ ಹೇಳಿ ಎಂದು ಬಂದಿದ್ದವರು.

“ತೀರ್ಮಾನ ನನ್ನ ಕೈಗೆ ಬಿಡು. ವೀಕ್ಷಣೆ ಹೇಳು. ಮನೆಗೆ ಬಂದು ಏನು ಮಾಡ್ತಾರೆ?”

“ನಮ್ಮಪ್ಪ ಬತ್ತಾನೆ, ಸಾರ್...” ಎಂದು ಶುರುಮಾಡಿದ. ಮಾತು ನಿಲ್ಲಿಸಿದ. ನೋಟ್‌ಬುಕ್ ಮಡಚಿಕೊಂಡು ಎದ್ದ. ಮರುದಿನ ಬೆಳಗ್ಗೆ ಕಾಲೇಜಿಗೆ ಹೋಗುವ ಬಸ್ಸಿಗೆ ಮುಂಚೆ ಬಂದು ಒಂದು ಹಾಳೆ ಕೊಟ್ಟು ಹೋದ.

ಅವನಿಗೆ ನಾನು ಹೇಳಿದ ಬುದ್ಧಿ ಇಷ್ಟೇ: ಡಿಗ್ರಿ ಮುಗಿಸು, ಪರೀಕ್ಷೆ ತಪ್ಪಿಸಬೇಡ. ಸಿನಿಮಾ ಅನ್ನ ಹಾಕುತ್ತದೆ ಎಂದು ನಂಬಿ ಹೋದವರಲ್ಲಿ ಬರಿಗೈಲಿ ಬಂದವರೇ ಹೆಚ್ಚು. ಬರೆಯುವುದನ್ನು ಮಾತ್ರ ಬಿಡು ಎಂದು ಹೇಳಲಿಲ್ಲ. ಪರೀಕ್ಷೆಯನ್ನೇನೋ ಬರೆದ.

ಜೂನ್ ಮೊದಲ ವಾರ ತಂದೆ ಬಂದರು, ಎರಡು ಎಳನೀರು ಹಿಡಿದು. “ಏನಂದ ಮೇಷ್ಟ್ರೇ? ಬುಟ್ನಾ?” ಎಂದರು. ಏನೇನೋ ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಅದನ್ನೆಲ್ಲ ಬಿಟ್ಟು, ಒಳಗಿನಿಂದ ಆ ಹಾಳೆ ತಂದು, ದಾಖಲೆ ಪುಸ್ತಕ ಓದುವ ಧ್ವನಿಯಲ್ಲೇ ಓದಿದೆ.

‘ದೃಶ್ಯ 31. ಮನೆಯ ಮುಂಬಾಗಿಲು, ನಡುಮನೆ. ರಾತ್ರಿ ಎರಡೂವರೆ. ದೂರದಲ್ಲಿ ಮೋಟಾರಿನ ಸದ್ದು. ಅಪ್ಪ ಬರುತ್ತಾನೆ. ಮೊಣಕಾಲಿನವರೆಗೆ ಕೆಸರು. ಟಾರ್ಚನ್ನು ಬಾಗಿಲ ಹೊರಗೇ ಆರಿಸುತ್ತಾನೆ. ಚಪ್ಪಲಿಯನ್ನು ಕೈಯಲ್ಲಿ ಬಿಚ್ಚಿ ಗೋಡೆಯ ಪಕ್ಕ ಇಡುತ್ತಾನೆ. ಬಾಗಿಲನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು ತಳ್ಳುತ್ತಾನೆ. ಬಾಗಿಲು ಕಿರುಗುಟ್ಟುವುದಿಲ್ಲ. ನಡುಮನೆಯಲ್ಲಿ ಮಗ ಮಲಗಿದ್ದಾನೆ. ತಲೆಯ ಹತ್ತಿರ ತೆರೆದ ಪುಸ್ತಕ. ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾನೆ. ಇನ್ನೊಂದು ಸಲ ಒರೆಸಿಕೊಳ್ಳುತ್ತಾನೆ. ಜೇಬಿನಿಂದ ಒಂದು ಬೆಂಕಿಕಡ್ಡಿ ತೆಗೆದು ಪುಟದ ನಡುವೆ ಇಟ್ಟು ಪುಸ್ತಕ ಮುಚ್ಚುತ್ತಾನೆ. ಒಳಗೆ ಹೋಗುತ್ತಾನೆ. ಮಗ ಕಣ್ಣು ತೆರೆಯುತ್ತಾನೆ.’

ಅವರು ಬಹಳ ಹೊತ್ತು ಎಳನೀರನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದರು:

“ಅಂಗಾರೆ ಐದ ಎಚ್ರಾಗೇ ಇದ್ನಾ, ಮೇಷ್ಟ್ರೇ?”